ಸೆರೆಯಲ್ಲಿರುವವನ ಹಕ್ಕು

ರೋಗಿಯನ್ನು ಕಂಡು ಬರುವುದು ಪುಣ್ಯದ ಕೆಲಸವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರಿನ ಒಬ್ಬರು ಬಳ್ಳಾರಿಯ ಆಸ್ಪತ್ರೆ ಸೇರಿದರೆಂದರೆ ಸಾಕು, ಹಚ್ಚೊಳ್ಳಿ, ಸಿರುಗುಪ್ಪದ ಕಡೆಯಿಂದ ಬಂಧುಬಳಗವೆಲ್ಲ ಎಳನೀರು, ಬ್ರೆಡ್ಡು ಹಿಡಿದು ಬಸ್ಸು ಹತ್ತುತ್ತದೆ. ಆದರೆ ಅದೇ ಊರಿನ ಯುವಕನೊಬ್ಬ ಅದೇ ಬಳ್ಳಾರಿಯ ಕೇಂದ್ರ ಕಾರಾಗೃಹ ಸೇರಿದನೆಂದರೆ? ಮೊದಲ ವಾರ ಇಬ್ಬರು ಮೂವರು ಹೋಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ತಾಯಿಯೊಬ್ಬಳೇ ಉಳಿಯುತ್ತಾಳೆ. ಆ ತಾಯಿಯೂ ನೆರೆಹೊರೆಯವರು ಕೇಳಿದರೆ, ಆಸ್ಪತ್ರೆಗೆ ಹೋಗಿದ್ದೆ ಎಂದು ಸುಳ್ಳು ಹೇಳಬೇಕಾಗುತ್ತದೆ.

ಆಕೆಯಿಂದ ಈ ಸುಳ್ಳು ಹೇಳಿಸುವವರು ಯಾರು? ನಾವೇ ಅಲ್ಲವೇ? ಪ್ರಿಯ ಓದುಗರೇ, ಈ ವಿಷಯದಲ್ಲಿ ನಮ್ಮ ಧರ್ಮದ ಆದೇಶವೇನು, ಸೆರೆಯಲ್ಲಿರುವವನನ್ನು ಕಾಣಲು ಹೋಗುವ ಶಿಷ್ಟಾಚಾರಗಳೇನು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಮೂವರು ಒಂದೇ ಸಾಲಿನಲ್ಲಿ

ಪವಿತ್ರ ಕುರ್‌ಆನಿನ 76ನೇ ಅಧ್ಯಾಯವಾದ ಅದ್ದಹ್ರ್‌ನ 8ನೇ ವಚನವು ಸಜ್ಜನರ ಗುಣವನ್ನು ವರ್ಣಿಸುತ್ತದೆ. ಅಲ್ಲಾಹನ ಪ್ರೀತಿಗಾಗಿ ಅವರು ಅನ್ನ ನೀಡುವುದು ಮೂವರಿಗೆ: ಬಡವನಿಗೆ, ಅನಾಥನಿಗೆ ಮತ್ತು ಸೆರೆಯಾಳಿಗೆ. ಬಡವನನ್ನೂ ಅನಾಥನನ್ನೂ ಕಂಡರೆ ನಮಗೆ ಕನಿಕರ ಹುಟ್ಟುತ್ತದೆ. ಸೆರೆಯಾಳನ್ನು ಕಂಡರೆ ಮಾತ್ರ ಮುಖ ತಿರುಗುತ್ತದೆ. ಅಲ್ಲಾಹನು ಆ ಮೂವರ ನಡುವೆ ಗೋಡೆ ಕಟ್ಟಲಿಲ್ಲ. ಇಲ್ಲಿ ಹೇಳಿರುವುದು ಯುದ್ಧ ಕೈದಿಗಳ ಕುರಿತು ಮಾತ್ರವಲ್ಲವೇ ಎಂದು ಕೆಲವರು ಕೇಳಬಹುದು. ಸಹಾಬಿಗಳ ನಂತರದ ತಲೆಮಾರಿನ ಮಹಾ ವ್ಯಾಖ್ಯಾನಕಾರರಾದ ಮುಜಾಹಿದ್ ಹಾಗೂ ಸಈದ್ ಬಿನ್ ಜುಬೈರ್ ಅವರು ಸೆರೆಮನೆಯಲ್ಲಿ ಇಡಲ್ಪಟ್ಟವನೂ ಈ ಪದದಲ್ಲಿ ಸೇರುತ್ತಾನೆಂದು ವಿವರಿಸಿದ್ದಾರೆ. ಹಸಿದವನಿಗೆ ಉಣಿಸುವುದು, ರೋಗಿಯನ್ನು ಸಂದರ್ಶಿಸುವುದು, ಸೆರೆಯಾಳನ್ನು ಬಿಡಿಸುವುದು, ಈ ಮೂರನ್ನೂ ಪ್ರವಾದಿವರ್ಯರು(ಸ) ಒಂದೇ ಉಸಿರಿನಲ್ಲಿ ಆಜ್ಞಾಪಿಸಿದ್ದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ.

ಪ್ರವಾದಿವರ್ಯರು(ಸ) ನಡೆದು ತೋರಿಸಿದ್ದು

ಯಮಾಮದ ಬನೂ ಹನೀಫಾ ಗೋತ್ರದ ಮುಖಂಡ ಸುಮಾಮ ಬಿನ್ ಉಸಾಲ್ ಸೆರೆ ಸಿಕ್ಕಾಗ ಅವರನ್ನು ಮದೀನದ ಮಸೀದಿಯ ಕಂಬವೊಂದಕ್ಕೆ ಕಟ್ಟಲಾಗಿತ್ತು. ಅಂದು ಅವರು ಮುಸ್ಲಿಮರ ವೈರಿ. ಪ್ರವಾದಿವರ್ಯರು(ಸ) ಮೂರು ದಿನವೂ ಸ್ವತಃ ಅವರ ಬಳಿಗೆ ಬಂದು, ಸುಮಾಮ, ನಿನ್ನ ಮನಸ್ಸಿನಲ್ಲೇನಿದೆ ಎಂದು ವಿಚಾರಿಸಿದರು. ನಿಂದಿಸಲಿಲ್ಲ, ಉಪದೇಶದ ಮಳೆ ಸುರಿಸಲಿಲ್ಲ. ಹೆಸರು ಹಿಡಿದು ಕರೆದು ಕೇಳಿದರು, ಅವರ ಉತ್ತರವನ್ನು ಆಲಿಸಿದರು. ಮೂರನೆಯ ದಿನ ಬಿಡುಗಡೆ ಮಾಡಿಸಿದರು. ಸುಮಾಮ ಸಮೀಪದ ಖರ್ಜೂರದ ತೋಟಕ್ಕೆ ಹೋಗಿ ಸ್ನಾನ ಮಾಡಿ ಮರಳಿ ಬಂದು ಇಸ್ಲಾಮ್ ಸ್ವೀಕರಿಸಿದರು.

ಬದ್ರ್‌ನಲ್ಲಿ ಸೆರೆಯಾದವರ ಸಂಗತಿಯೂ ಇಂತಹದೇ. ಮುಸ್‌ಅಬ್ ಬಿನ್ ಉಮೈರ್(ರ) ಅವರ ಸಹೋದರ ಅಬೂ ಅಝೀಝ್ ಅಂದು ಬಂಧಿತರಲ್ಲೊಬ್ಬರು. ಕೈದಿಗಳೊಂದಿಗೆ ಒಳ್ಳೆಯದಾಗಿ ವರ್ತಿಸಿರೆಂದು ಪ್ರವಾದಿವರ್ಯರು(ಸ) ಹೇಳಿದ್ದರಿಂದ, ಅನ್ಸಾರರು ತಮಗೆ ರೊಟ್ಟಿ ಕೊಟ್ಟು ತಾವು ಖರ್ಜೂರ ತಿಂದು ಇರುತ್ತಿದ್ದರೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ತಪ್ಪು ಮಾಡಿದವನನ್ನೂ ಕಾಣಬೇಕೇ?

ನಿಜವಾಗಿ ನಮ್ಮ ಕಾಲನ್ನು ಕಟ್ಟಿಹಾಕುವುದು ಈ ಪ್ರಶ್ನೆ. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದಾಗಿ, ಒಳಗಿರುವವರೆಲ್ಲರೂ ಅಪರಾಧಿಗಳಲ್ಲ. 2022ರ ಕೊನೆಯ ಸರಕಾರಿ ಲೆಕ್ಕದ ಪ್ರಕಾರ ಭಾರತದ ಜೈಲುಗಳಲ್ಲಿದ್ದ ಸುಮಾರು 5,73,000 ಮಂದಿಯಲ್ಲಿ 4,34,000 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ನ್ಯಾಯಾಧೀಶರು ತೀರ್ಪು ಕೊಡುವ ಮೊದಲೇ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ತೀರ್ಪು ಕೊಡಲು ನಮಗೆ ಅಧಿಕಾರ ಕೊಟ್ಟವರಾರು? ಊಹೆಗಳಿಂದ ದೂರವಿರಿ, ಕೆಲವು ಊಹೆಗಳು ಪಾಪವೆಂದು 49ನೇ ಅಧ್ಯಾಯ ಅಲ್ ಹುಜುರಾತ್ ಎಚ್ಚರಿಸುತ್ತದೆ.

ಎರಡನೆಯದಾಗಿ, ಅಪರಾಧ ಸಾಬೀತಾಗಿದ್ದರೂ ನ್ಯಾಯಾಲಯ ವಿಧಿಸಿದ್ದು ಸೆರೆವಾಸವನ್ನು. ಬಂಧುಗಳು ಕೈಬಿಡಬೇಕೆಂಬ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ವಿಧಿಸಿಲ್ಲ. ಕುಡಿದ ವ್ಯಕ್ತಿಯೊಬ್ಬನಿಗೆ ಶಿಕ್ಷೆಯಾದಾಗ ಯಾರೋ ಅವನನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವನ ವಿರುದ್ಧ ಶೈತಾನನಿಗೆ ನೆರವಾಗಬೇಡಿರಿ ಎಂದರು. ಯೋಚಿಸಿ ನೋಡಿರಿ. ಯಾರೂ ಕಾಣಲು ಬಾರದ ಯುವಕನಿಗೆ ಒಳಗೆ ಸಂಗಾತಿಗಳಾಗುವವರು ಯಾರು? ನಾವು ತೆರವು ಮಾಡಿದ ಜಾಗ ಖಾಲಿಯಾಗಿ ಉಳಿಯುವುದಿಲ್ಲ.

ಹಾಗೆಂದು ಕಾಣಲು ಹೋಗುವುದೆಂದರೆ ಅಪರಾಧವನ್ನು ಬೆಂಬಲಿಸುವುದಲ್ಲ. ನಿನ್ನ ಸಹೋದರ ಪೀಡಿತನಾಗಿರಲಿ, ಪೀಡಕನಾಗಿರಲಿ ಅವನಿಗೆ ನೆರವಾಗು ಎಂದು ಪ್ರವಾದಿವರ್ಯರು(ಸ) ಹೇಳಿದಾಗ, ಪೀಡಕನಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದರು. ಅವನನ್ನು ಅನ್ಯಾಯದಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಎಂಬ ಉತ್ತರ ಬಂತು. ಆದ್ದರಿಂದ ಕೈದಿಯ ಮಾತು ಕೇಳಿ ಸಾಕ್ಷಿಗಳಿಗೆ ಬೆದರಿಕೆಯ ಸುದ್ದಿ ಮುಟ್ಟಿಸುವುದು ಹರಾಮ್. ಅವನ ಕೈಯಿಂದ ನೊಂದ ಕುಟುಂಬವೊಂದು ಊರಿನಲ್ಲಿದ್ದರೆ, ಜೈಲಿನ ದಾರಿ ಹಿಡಿಯುವ ಮೊದಲು ಆ ಮನೆಯ ಬಾಗಿಲಿಗೆ ಹೋಗಿ ಅವರ ನೋವು ವಿಚಾರಿಸಿರಿ. ಎರಡು ಮನೆಗಳಿಗೂ ಹೋಗಬಲ್ಲವನೇ ನ್ಯಾಯವಂತನು.

ಇನ್ನೊಂದು ಮಾತು. ಕುರ್‌ಆನಿನ ಆ ವಚನ ಇಳಿದ ಕಾಲದಲ್ಲಿ ಸೆರೆಯಾಳುಗಳು ಬಹುದೇವಾರಾಧಕರಾಗಿದ್ದರೆಂದು ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಆದ್ದರಿಂದ ನೆರೆಮನೆಯ ಹಿಂದೂ ಸಹೋದರನ ಮಗ ಸೆರೆಯಲ್ಲಿದ್ದರೆ ಅವನೂ ಈ ಹಕ್ಕಿಗೆ ಪಾತ್ರನು.

ಹೊರಡುವ ಮುನ್ನ

1. ಸಂಕಲ್ಪ ಶುದ್ಧವಾಗಿರಲಿ. 2024ರ ಆಗಸ್ಟಿನಲ್ಲಿ ಚಲನಚಿತ್ರ ನಟರೊಬ್ಬರನ್ನು ಬಳ್ಳಾರಿ ಜೈಲಿಗೆ ತಂದಾಗ ಹೊರಗೆ ಜನ ಸೇರಿತ್ತು. ಅದೇ ಗೋಡೆಯ ಒಳಗಿರುವ ಬಡ ಕೂಲಿಯವನಿಗಾಗಿ ಸೇರುವವರು ಯಾರು? ಕುತೂಹಲಕ್ಕೆ ಹೋಗಬೇಡಿರಿ, ಅಲ್ಲಾಹನ ಸಂಪ್ರೀತಿಗಾಗಿ ಹೋಗಿರಿ.

2. ದಿನ ಮತ್ತು ವೇಳೆಯನ್ನು ಮೊದಲೇ ತಿಳಿದುಕೊಳ್ಳಿರಿ. ವಿಚಾರಣಾಧೀನರಿಗೂ ಶಿಕ್ಷೆಗೊಳಗಾದವರಿಗೂ ಸಂದರ್ಶನದ ಸರದಿ ಬೇರೆ ಬೇರೆ. ಹಚ್ಚೊಳ್ಳಿಯಿಂದ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಮತ್ತೆ ಐವತ್ತು ಕಿಲೋಮೀಟರಿಗೂ ಹೆಚ್ಚು ಪ್ರಯಾಣಿಸಿ ಬಳ್ಳಾರಿ ಸೇರುವ ಹೊತ್ತಿಗೆ ಒಂದು ದಿನದ ಕೂಲಿ ಹೋಗಿರುತ್ತದೆ. ರಜಾದಿನವೆಂದು ಬಾಗಿಲಿನಿಂದ ಮರಳಿ ಬಂದ ಬಡ ತಾಯಿ ಮುಂದಿನ ವಾರ ಹೋಗಲಾರಳು. ಈಗ ಇ-ಮುಲಾಖಾತ್ ಎಂಬ ಸರಕಾರಿ ವ್ಯವಸ್ಥೆಯ ಮೂಲಕ ಸಂದರ್ಶನಕ್ಕೆ ಮುಂಚಿತವಾಗಿ ಹೆಸರು ನೋಂದಾಯಿಸಬಹುದು. ಓದು ಬಲ್ಲ ಯುವಕರು ಇದನ್ನು ಮಾಡಿಕೊಟ್ಟರೆ ಅದೂ ಸದಕವೇ.

3. ಗುರುತಿನ ಚೀಟಿಯ ಮೂಲಪ್ರತಿ, ಕೈದಿಯ ಪೂರ್ಣ ಹೆಸರು, ತಂದೆಯ ಹೆಸರು, ಪ್ರಕರಣದ ಸಂಖ್ಯೆ ಇವು ನಿಮ್ಮ ಬಳಿ ಇರಲಿ. ಸಂಬಂಧಿಕರಲ್ಲದವರು ಹೋಗಬೇಕಾದರೆ ಕೈದಿಯ ಒಪ್ಪಿಗೆ ಮತ್ತು ಅಧಿಕಾರಿಗಳ ಅನುಮತಿ ಎರಡನ್ನೂ ಕೇಳಿಕೊಳ್ಳಿರಿ.

4. ಕೇಳದೆ ಏನನ್ನೂ ಒಯ್ಯಬೇಡಿರಿ. ಮೊಬೈಲು, ಸಿಮ್ಮು, ಗಾಂಜಾ, ಮದ್ಯ ಇವುಗಳನ್ನು ಬಚ್ಚಿಟ್ಟು ಒಳಗೆ ತಲುಪಿಸುವುದು ಶಿಕ್ಷಾರ್ಹ ಅಪರಾಧ. ಒಪ್ಪಿದ ನಿಬಂಧನೆಗಳಿಗೆ ಬದ್ಧನಾಗಿರುವುದು ಮುಸ್ಲಿಮನ ಗುಣ. ಹಣ ಕೊಡಬೇಕಿದ್ದರೆ ಕಚೇರಿಯ ಮೂಲಕವೇ ಕೊಟ್ಟು ರಶೀದಿ ಪಡೆಯಿರಿ. ಸರದಿ ಮುರಿಯಲು ಯಾರ ಕೈಗೂ ಕಾಸು ಇಡಬೇಡಿರಿ. ಲಂಚ ಕೊಟ್ಟವನೂ ಪಡೆದವನೂ ಶಾಪಗ್ರಸ್ತರು.

5. ತಾಯಿ ಅಥವಾ ಹೆಂಡತಿ ಒಂಟಿಯಾಗಿ ಅಲೆಯದಂತೆ ಮನೆಯ ಗಂಡಸರು ಜೊತೆಗೆ ಹೋಗಲಿ. ಅಣ್ಣತಮ್ಮಂದಿರು ನಾಚಿಕೆಯಿಂದ ಹಿಂದೆ ಸರಿದು ಹೆಂಗಸರನ್ನು ಮುಂದೆ ತಳ್ಳುವುದು ಪೌರುಷವಲ್ಲ.

ಎದುರು ನಿಂತಾಗ

ಸಿಗುವುದು ಕೆಲವೇ ನಿಮಿಷ. ಸಲಾಮ್ ಹೇಳಿ, ಮೊದಲು ಆರೋಗ್ಯ ವಿಚಾರಿಸಿರಿ. ಹೀಗೇಕೆ ಮಾಡಿದೆ, ನಮ್ಮ ಮಾನ ಕಳೆದೆ ಎಂಬ ಮಾತುಗಳನ್ನು ಅವನು ಪೊಲೀಸರಿಂದಲೂ ತನ್ನ ಮನಸ್ಸಿನಿಂದಲೂ ಸಾಕಷ್ಟು ಕೇಳಿರುತ್ತಾನೆ. ಪ್ರಕರಣದ ಗುಟ್ಟುಗಳನ್ನು ಅಲ್ಲಿ ಗಟ್ಟಿಯಾಗಿ ಚರ್ಚಿಸಬೇಡಿರಿ, ಅದು ವಕೀಲರ ಮುಂದೆ ಆಗಬೇಕಾದ ಮಾತು. ಮಕ್ಕಳ ಶಾಲೆ, ಭತ್ತದ ಗದ್ದೆ, ಎಮ್ಮೆ ಕರು ಹಾಕಿದ್ದು, ಇಂತಹ ಮನೆಯ ಸುದ್ದಿ ಹೇಳಿರಿ. ಜಾಮೀನು ನಾಳೆಯೇ ಸಿಗುತ್ತದೆ ಎಂಬ ಸುಳ್ಳು ಭರವಸೆ ಬೇಡ. ನಮಾಝ್ ಮಾಡುತ್ತೀಯಾ ಎಂದು ಗದರಿಸಿ ಕೇಳುವ ಬದಲು, ನಿನ್ನ ದುಆದಲ್ಲಿ ನಮ್ಮನ್ನೂ ನೆನೆ ಎಂದು ಕೇಳಿಕೊಳ್ಳಿರಿ. ಎಷ್ಟೋ ತಿಂಗಳಿಂದ ಯಾರೂ ಏನನ್ನೂ ಕೇಳದ ಒಬ್ಬನಿಗೆ, ತನ್ನಲ್ಲಿಯೂ ಕೊಡುವುದಕ್ಕೆ ಏನೋ ಉಳಿದಿದೆ ಎಂದು ಅದರಿಂದ ತಿಳಿಯುತ್ತದೆ. ಕೊನೆಗೆ, ಮತ್ತೆ ಯಾವಾಗ ಬರುವಿರೆಂದು ಹೇಳಿರಿ. ಹೇಳಿದ ದಿನ ತಪ್ಪದೆ ಹೋಗಿರಿ.

ಮರಳಿ ಬಂದ ಮೇಲೆ

ಪ್ರವಾದಿ ಯೂಸುಫ್(ಅ) ಸೆರೆಯಲ್ಲಿದ್ದಾಗ, ಬಿಡುಗಡೆಯಾಗಲಿದ್ದ ಸಂಗಾತಿಯೊಬ್ಬನಿಗೆ ತನ್ನ ವಿಷಯವನ್ನು ದೊರೆಯ ಬಳಿ ಪ್ರಸ್ತಾಪಿಸುವಂತೆ ಹೇಳಿದ್ದರು. ಆತ ಹೊರಗೆ ಬಂದು ಮರೆತುಬಿಟ್ಟ. ಯೂಸುಫ್(ಅ) ಇನ್ನೂ ಕೆಲವು ವರ್ಷ ಸೆರೆಯಲ್ಲೇ ಉಳಿದರು. ಹೊರಗಿರುವವನ ಮರೆವು ಒಳಗಿರುವವನ ಆಯುಷ್ಯವನ್ನು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಕೈದಿ ಹೇಳಿಕಳುಹಿಸಿದ ಮಾತು ಅಮಾನತ್. ಮನೆಗೆ ಹೇಳಬೇಕಾದದ್ದನ್ನು ಮನೆಗೆ, ವಕೀಲರಿಗೆ ಹೇಳಬೇಕಾದದ್ದನ್ನು ವಕೀಲರಿಗೆ ಮುಟ್ಟಿಸಿರಿ. ಅವನು ಅತ್ತದ್ದನ್ನು, ಸೊರಗಿದ್ದನ್ನು ಊರಿನಲ್ಲಿ ಹರಡಬೇಡಿರಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ದಾರಿ ಮುಚ್ಚಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವ ಪ್ರತಿಯೊಬ್ಬನೂ ಉಚಿತ ವಕೀಲರ ನೆರವಿಗೆ ಅರ್ಹನು. ಬಳ್ಳಾರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೂ ಹಲವು ಪ್ರಕರಣಗಳು ಬಾಕಿ ಇರುವವರಿಗೂ ಇದು ಅನ್ವಯಿಸದು. ಇದನ್ನು ವಕೀಲರಲ್ಲಿ ಕೇಳಿ ತಿಳಿಯಿರಿ. ದಿನ ಎಣಿಸುವವರಿಲ್ಲದೆ ಕೊಳೆಯುವವರು ಹೆಚ್ಚಾಗಿ ಬಡವರೇ. ಸೆರೆಯಾಳನ್ನು ಬಿಡಿಸಿರಿ ಎಂಬ ಪ್ರವಾದಿ ವಚನವನ್ನು ಇಂದು ಪಾಲಿಸುವ ಕಾನೂನುಬದ್ಧ ದಾರಿ ಇದು. ಕುಟುಂಬದವರನ್ನೂ ವಕೀಲರನ್ನೂ ಕಾಣುವುದು ಬಂಧಿತನ ಜೀವಿಸುವ ಹಕ್ಕಿನ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು 1981ರಲ್ಲೇ ತೀರ್ಪಿತ್ತಿದೆ.

ಅವನ ಮನೆಯ ಒಲೆಯನ್ನೂ ನೋಡಿರಿ. ದುಡಿಯುವ ಕೈ ಒಳಗಿದ್ದಾಗ ಹೆಂಡತಿ ಮಕ್ಕಳು ಕಡುಬಡವರಾದರೆ ಅವರು ಝಕಾತಿಗೆ ಅರ್ಹರು. ಅವರು ಮಾಡದ ತಪ್ಪಿಗೆ ಅವರನ್ನು ದಂಡಿಸಬಾರದು. ಇಮಾಮ್ ಅಬೂ ಯೂಸುಫ್ ಅವರು ಖಲೀಫಾ ಹಾರೂನ್ ರಶೀದರಿಗೆ ಬರೆದುಕೊಟ್ಟ ಕಿತಾಬುಲ್ ಖರಾಜ್ ಗ್ರಂಥದಲ್ಲಿ, ಕೈದಿಗಳಿಗೆ ಬೊಕ್ಕಸದಿಂದ ಅನ್ನ ಬಟ್ಟೆ ಸಿಗಬೇಕು, ಸರಪಳಿ ಹಾಕಿ ಬೀದಿಗೆ ಭಿಕ್ಷೆಗೆ ಕಳುಹಿಸಬಾರದು ಎಂದು ಒತ್ತಾಯಿಸಿದ್ದರು. ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಖಲೀಫರ ಮುಂದೆ ಕೈದಿಯ ಪರವಾಗಿ ಮಾತಾಡಿದರು. ನಾವು ನಮ್ಮ ಮೊಹಲ್ಲಾದಲ್ಲಿ ಮಾತಾಡಲು ಅಂಜುವುದೇಕೆ?

ಪ್ರತಿ ಮಸೀದಿಯ ಜಮಾಅತ್ತಿನಲ್ಲಿ ಇಬ್ಬರಾದರೂ ಈ ಹೊಣೆ ಹೊರಲಿ. ಊರಿನಿಂದ ಯಾರು ಒಳಗಿದ್ದಾರೆ, ಅವರನ್ನು ಕೊನೆಯ ಬಾರಿ ಕಂಡವರು ಯಾರು, ಮುಂದಿನ ಸರದಿ ಯಾರದು ಎಂದು ಬರೆದಿಡಲಿ. ಆ ತಾಯಿ ಮುಂದಿನ ಸಲ ಬಸ್ಸು ಹತ್ತುವಾಗ ಪಕ್ಕದಲ್ಲಿ ಊರಿನವರೊಬ್ಬರು ಕುಳಿತಿರಲಿ.

ಬಂಧನದಲ್ಲಿರುವವರ ಸಂಕಷ್ಟಗಳನ್ನು ಅಲ್ಲಾಹನು ನೀಗಿಸಲಿ, ತಪ್ಪಿ ನಡೆದವರಿಗೆ ತೌಬಾದ ಭಾಗ್ಯವನ್ನೂ ನಿರಪರಾಧಿಗಳಿಗೆ ಬಿಡುಗಡೆಯನ್ನೂ ಕರುಣಿಸಲಿ, ಅವರನ್ನು ಮರೆಯದಿರುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೀನ್.