ಗಾಳಿ ಮಾರ್ಗಕ್ಕೆ ಯಾವ ಪೈಪು ಸುರಕ್ಷಿತ?

ಮನೆಗೆ ಹೊಂದಿಕೊಂಡ ಗ್ಯಾರೇಜು ಹಾಗೂ ಸಣ್ಣ ವರ್ಕ್‌ಶಾಪುಗಳಲ್ಲಿ ಏರ್ ಕಂಪ್ರೆಸರ್ ಅಳವಡಿಸುವವರು ಖರ್ಚು ಉಳಿಸಲು ನೀರಿನ ಪಿವಿಸಿ ಪೈಪನ್ನೇ ಗಾಳಿಗೂ ಬಳಸುವುದುಂಟು. ಪೈಪಿನ ಮೇಲೆ ಮುದ್ರಿತವಾದ ಒತ್ತಡದ ಅಂಕಿಯು ಕಂಪ್ರೆಸರಿನ 7–8 ಬಾರ್ ಒತ್ತಡಕ್ಕಿಂತ ಹೆಚ್ಚಿದ್ದರೆ ಸಾಕೆಂಬುದು ಅವರ ಎಣಿಕೆ. ಈ ಎಣಿಕೆ ಅಪಾಯಕಾರಿಯಾದುದು.

ಆ ಅಂಕಿ ನೀರಿಗೆ ಸಂಬಂಧಿಸಿದ್ದು. ನೀರು ಬಹುಮಟ್ಟಿಗೆ ಕುಗ್ಗದ ದ್ರವವಾದ್ದರಿಂದ ಪೈಪು ಸೀಳಿದೊಡನೆ ಒತ್ತಡ ಇಳಿದುಹೋಗುತ್ತದೆ. ಸಂಕುಚಿತ ಗಾಳಿಯಾದರೋ ಅದುಮಿಟ್ಟ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಪಿವಿಸಿ ಒಡೆದರೆ ಚೂಪಾದ ಚೂರುಗಳು ಸುತ್ತಲೂ ಸಿಡಿಯುತ್ತವೆ. ಕಂಪ್ರೆಸರಿನ ಬಿಸಿ ಗಾಳಿ ಹಾಗೂ ಬಿಸಿಲು ಪೈಪನ್ನು ಮತ್ತಷ್ಟು ದುರ್ಬಲಗೊಳಿಸುತ್ತವೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ಓಷಾ’ 1988ರಲ್ಲಿಯೇ ನೆಲದ ಮೇಲಿನ ಗಾಳಿ ಮಾರ್ಗಗಳಿಗೆ ಪಿವಿಸಿ ಬಳಸುವುದರ ವಿರುದ್ಧ ಎಚ್ಚರಿಕೆ ನೀಡಿತು.

ಬದಲಿ ಪೈಪುಗಳು ಮುಖ್ಯವಾಗಿ ಮೂರು:

1. ಜಿ.ಐ. ಪೈಪು: ಗಟ್ಟಿಯಾದದ್ದು, ಸುಲಭವಾಗಿ ದೊರೆಯುವಂಥದು. ಕಾಲಕ್ರಮದಲ್ಲಿ ಒಳಗೆ ತುಕ್ಕು ಹಿಡಿಯುವುದರಿಂದ ಸ್ಪ್ರೇ ಪೇಂಟಿಂಗ್ ಮಾಡುವಲ್ಲಿ ಫಿಲ್ಟರ್ ಅವಶ್ಯ.

2. ತಾಮ್ರ: ತುಕ್ಕಿನ ಭಯವಿಲ್ಲ, ಬೆಲೆ ಹೆಚ್ಚು.

3. ಗಾಳಿ ಮಾರ್ಗಕ್ಕೆಂದೇ ತಯಾರಾದ ಅಲ್ಯೂಮಿನಿಯಂ ಪೈಪು: ಹಗುರ, ಜೋಡಣೆ ಸುಲಭ, ಮೊದಲ ವೆಚ್ಚ ಅಧಿಕ.

ಕಂಪನ ತಡೆಯಲು ಕಂಪ್ರೆಸರಿಗೂ ಪೈಪಿಗೂ ನಡುವೆ ಸೂಕ್ತ ಒತ್ತಡದ ಹೋಸ್ ಇರಬೇಕು. ಮುಖ್ಯ ಪೈಪಿಗೆ 100 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಬಸಿಯುವ ವಾಲ್ವ್ ಇಡಬೇಕು. ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದರೆ ನೀರು ಉಪಕರಣಗಳಿಗೆ ಇಳಿಯದು.

ಈಗಾಗಲೇ ಪಿವಿಸಿ ಅಳವಡಿಸಿರುವವರು ಅದು ಒಡೆಯುವವರೆಗೆ ಕಾಯದೆ ಬದಲಾಯಿಸುವುದು ಲೇಸು. ಪೈಪಿನಲ್ಲಿ ಉಳಿಸಿದ ಹಣ ಕೆಲಸಗಾರನ ಕಣ್ಣಿಗೆ ಸಮನಾಗದು.