ಮಕ್ಕಳಿಗೆ ದಶಮಾಂಶದ ಪಾಠ

ಬೆಳೆಯಲ್ಲಿಯೂ ಹಿಂಡಿನಲ್ಲಿಯೂ ಹತ್ತರಲ್ಲೊಂದು ಪಾಲು ಕರ್ತನದೆಂದು ಯಾಜಕಕಾಂಡದ 27ನೆಯ ಅಧ್ಯಾಯವು ಬೋಧಿಸುತ್ತದೆ. ಇದನ್ನು ಮಕ್ಕಳಿಗೆ ಕಲಿಸುವದು ಹೇಗೆ? ಆರಾಧನೆಗೆ ಹೊರಡುವಾಗ ನಾವು ಅವರ ಕೈಯಲ್ಲಿ ನಾಣ್ಯವನ್ನಿಟ್ಟರೆ ಆ ಕಾಣಿಕೆಯು ನಮ್ಮದೇ ಹೊರತು ಅವರದಲ್ಲ. ಮಗುವು ಮೊಟ್ಟೆ ಮಾರಿ ಹತ್ತು ರೂಪಾಯಿ ಗಳಿಸಿದರೆ, ಸಂತೆಯ ಮಿಠಾಯಿಗಿಂತ ಮೊದಲು ಒಂದು ರೂಪಾಯಿಯನ್ನು ತಾನೇ ಎತ್ತಿಡಲಿ.

ಮಿಜೋ ನಾಡಿನ ಸಭೆಯ ಸ್ತ್ರೀಯರು 1910ರಿಂದ, ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಕರ್ತನಿಗಾಗಿ ತೆಗೆದಿಡುತ್ತಾ ಬಂದಿದ್ದಾರೆ. ಮಕ್ಕಳಿಗೆ ಅಡಿಗೆಮನೆಯೇ ಪಾಠಶಾಲೆ.

ಆದರೆ ಪಾಲು ಕೊಟ್ಟು ಕರುಣೆಯನ್ನು ಮರೆತವರನ್ನು ಕರ್ತನು ಗದರಿಸಿದನು (ಮತ್ತಾಯ 23:23). ಆದುದರಿಂದ ನೆರೆಮನೆಯ ವಿಧವೆಯ ಒಲೆಯು ಉರಿಯದಿದ್ದರೆ, ಮಗುವಿನ ಕೈಯಲ್ಲಿಯೇ ಗಂಜಿಯನ್ನು ಕಳುಹಿಸಿರಿ. ಮಗುವು ಒಲ್ಲೆನೆಂದರೆ ಬಲಾತ್ಕರಿಸಬೇಡಿರಿ. ನೀವು ನಿಮ್ಮ ಬಯಕೆಯೊಂದನ್ನು ಬಿಟ್ಟು ಕೊಡುವದನ್ನು ಅದು ಮೊದಲು ಕಾಣಲಿ.