ಟ್ರೈಕೋ ಕಾರ್ಡ್ ಫ್ರೀಜರ್‌ಗೆ ಹಾಕಬೇಡಿ

ಬೆಳಗೋಡಿನ ನಮ್ಮ ಭತ್ತದ ಗದ್ದೆಗೆ ಅಂತ ಹೋದ ವರ್ಷ ಟ್ರೈಕೋ ಕಾರ್ಡ್ ತಂದಿದ್ದೆ. ಮಘೆ ಮಳೆ ಬಿಡಲೇ ಇಲ್ಲ. ಕೆಡಬಾರದು ಅಂತ ಕಾರ್ಡನ್ನು ಫ್ರೀಜರ್‌ನಲ್ಲಿಟ್ಟೆ. ವಾರದ ನಂತರ ಗದ್ದೆಗೆ ಕಟ್ಟಿದರೆ ಒಂದು ಕಣಜವೂ ಹೊರಬರಲಿಲ್ಲ. ತೆನೆ ಬಿಡುವಾಗ ಅಲ್ಲಲ್ಲಿ ಬಿಳಿ ತೆನೆ, ಬರೀ ಜೊಳ್ಳು. ಆ ತಪ್ಪು ನೀವು ಮಾಡಬೇಡಿ.

ಕಾರ್ಡಿನ ಮೇಲೆ ಅಂಟಿಸಿರುವುದು ಅಕ್ಕಿ ಪತಂಗದ ಮೊಟ್ಟೆ. ಒಳಗೆ ಟ್ರೈಕೋಗ್ರಾಮ ಕಣಜ ಬೆಳೆಯುವುದರಿಂದ ಅದು ಕಪ್ಪಾಗಿರುತ್ತೆ. ಹೊರಬಂದ ಕಣಜ ಕಾಂಡಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳು ಹುಟ್ಟುವ ಮೊದಲೇ ಸಾಯುತ್ತದೆ. ಕಾಂಡಕೊರಕಕ್ಕೆ 'ಜಪೋನಿಕಮ್', ಎಲೆ ಸುರುಳಿ ಹುಳುವಿಗೆ 'ಕಿಲೋನಿಸ್' ಅಂತ ಹೆಸರು ಹೇಳಿಯೇ ಕೇಳಿ.

ತಂಪು ಕಣಜದ ಬೆಳವಣಿಗೆಯನ್ನು ನಿಧಾನ ಮಾಡುತ್ತೆ. ಹೆಪ್ಪುಗಟ್ಟಿಸುವ ಚಳಿ ಅದನ್ನು ಕೊಲ್ಲುತ್ತೆ. ಅದಕ್ಕೇ ಹೀಗೆ ಮಾಡಿ:

• ಕಾರ್ಡನ್ನು ಕಾಗದದ ಕವರಿನಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ತರಕಾರಿ ಟ್ರೇಯಲ್ಲಿ, ಸುಮಾರು 10 ಡಿಗ್ರಿಯಲ್ಲಿಡಿ. ನೀರು ತಾಗಬಾರದು.
• ವಾರಕ್ಕಿಂತ ಹೆಚ್ಚು ಇಡಬೇಡಿ. ದಿನ ಕಳೆದಷ್ಟೂ ಹೊರಬರುವ ಕಣಜ ಕಡಿಮೆ.
• ಕಟ್ಟುವ ಹಿಂದಿನ ದಿನ ಹೊರತೆಗೆದು ನೆರಳಿನಲ್ಲಿಡಿ.
• ನಾಟಿಯಾದ ತಿಂಗಳಿಗೆ ಶುರು ಮಾಡಿ, ವಾರಕ್ಕೊಮ್ಮೆ ಎಕರೆಗೆ 2 ಸಿಸಿ. ಒಂದು ಸಿಸಿಯಲ್ಲಿ ಸುಮಾರು 20 ಸಾವಿರ ಮೊಟ್ಟೆ ಇರುತ್ತೆ.
• ಮಳೆ ಬಿಟ್ಟ ಸಂಜೆ, ಪಟ್ಟಿಗಳಾಗಿ ಕತ್ತರಿಸಿ ಎಲೆಯ ಅಡಿಭಾಗಕ್ಕೆ ಪಿನ್ ಹೊಡೆಯಿರಿ. ಆ ವಾರ ಕೀಟನಾಶಕ ಹೊಡೆಯಬೇಡಿ.

ನಾಲ್ಕು ದಿನ ಬಿಟ್ಟು ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿ. ಕಪ್ಪು ಮೊಟ್ಟೆಯಲ್ಲಿ ಸಣ್ಣ ತೂತು ಕಂಡರೆ ಕಣಜ ಹೊರಟಿದೆ. ತೂತೇ ಇಲ್ಲದಿದ್ದರೆ ಕಾಯಬೇಡಿ, ಬೇರೆ ಕಾರ್ಡ್ ತನ್ನಿ.